ಯೆಲ್ಲೋಸ್ಟೋನ್‌ನಲ್ಲಿ ಆರ್‌ವಿ ವಾಸ: ಫಿಶಿಂಗ್ ಬ್ರಿಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಬೇಸಿಗೆ ರಜೆಗೆ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಅನುಕೂಲವಿರುವ ಮನೆಯಂಥ ಗಾಡಿ, ಬಾಡಿಗೆ ಹಿಡಿದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವ ಮುನ್ನ ಕೇಳುವ ಪ್ರಶ್ನೆಗಳಿವು. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲಿವೆ, ಗಾಡಿಯ ಒಳಗುಟ್ಟು ಕೊನೆಯಲ್ಲಿದೆ.

## ಹೊರಡುವ ಮುನ್ನ

ಪಾರ್ಕಿನೊಳಗೆ ಅಷ್ಟೊಂದು ಕ್ಯಾಂಪ್‌ಗ್ರೌಂಡ್ ಇದ್ದರೂ ಎಲ್ಲರೂ ಫಿಶಿಂಗ್ ಬ್ರಿಜ್ ಅಂತಲೇ ಯಾಕೆ ಹೇಳ್ತಾರೆ?

ಪಾರ್ಕಿನಲ್ಲಿ 12 ಕ್ಯಾಂಪ್‌ಗ್ರೌಂಡ್‌ಗಳಿವೆ. ಸೈಟ್‌ನಲ್ಲೇ, ಅಂದರೆ ಗಾಡಿ ನಿಲ್ಲಿಸುವ ಜಾಗದಲ್ಲೇ, ಕರೆಂಟು, ನೀರು, ಒಳಚರಂಡಿ ಮೂರೂ ಸಿಗುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಮ್ಯಾಡಿಸನ್, ಕ್ಯಾನಿಯನ್, ಗ್ರಾಂಟ್ ವಿಲೇಜ್, ಬ್ರಿಜ್ ಬೇಗಳಲ್ಲೂ ಆರ್‌ವಿ ನಿಲ್ಲಿಸಬಹುದು. ಆದರೆ ಅಲ್ಲಿ ಗಾಡಿಯ ಬ್ಯಾಟರಿ ಮತ್ತು ಟ್ಯಾಂಕ್‌ನಲ್ಲಿರುವಷ್ಟರಲ್ಲೇ ದಿನ ದೂಡಬೇಕು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದು ಮೂರು ರಾತ್ರಿಗಿಂತ ಹೆಚ್ಚು ಉಳಿಯುವುದಾದರೆ ಫಿಶಿಂಗ್ ಬ್ರಿಜ್ ವಾಸಿ.

ಒಂದು ಮಾತು ಮೊದಲೇ ತಿಳಿದಿರಲಿ. 300ಕ್ಕೂ ಹೆಚ್ಚು ಸೈಟ್‌ಗಳು ಒತ್ತೊತ್ತಾಗಿರುವ ಜಾಗವಿದು. ಕಿಟಕಿ ತೆರೆದರೆ ಕಾಣುವುದು ಪಕ್ಕದವರ ಗಾಡಿ. ಇದನ್ನು ಮಲಗಲು, ಉಣ್ಣಲು, ಸ್ನಾನಕ್ಕೆ ಇರುವ ಬಿಡಾರ ಅಂದುಕೊಂಡು ಹೋದರೆ ನಿರಾಸೆ ಆಗದು. ಕಾಡು, ಕೆರೆ, ಬಿಸಿನೀರ ಬುಗ್ಗೆ ಎಲ್ಲ ಇರುವುದು ಹೊರಗೆ.

ಮಕ್ಕಳಿಗೆ ಆಸೆ. ಗಾಡಿ ಪಕ್ಕದಲ್ಲಿ ಒಂದು ಪುಟ್ಟ ಟೆಂಟ್ ಹಾಕಿಕೊಂಡರೆ ಆಗಲ್ವಾ?

ಆಗುವುದಿಲ್ಲ. ಇದು ಗ್ರಿಜ್ಲಿ ಕರಡಿಗಳು ಓಡಾಡುವ ನೆಲ. ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಟೆಂಟ್ ಇರಲಿ, ಬಟ್ಟೆಯ ಗೋಡೆ ಮೇಲೆತ್ತಿ ಬಿಚ್ಚುವ ಪಾಪ್-ಅಪ್ ಟ್ರೇಲರ್‌ಗೂ ಬಿಡುವುದಿಲ್ಲ. ಸೌದೆ ಒಟ್ಟಿ ಬೆಂಕಿ ಕಾಯಿಸಲೂ ಅವಕಾಶವಿಲ್ಲ. ಬೆಂಕಿಯ ಸುತ್ತ ಕೂರುವುದೇ ಮಕ್ಕಳಿಗೆ ಮುಖ್ಯವಾದರೆ ಒಂದು ರಾತ್ರಿ ಮ್ಯಾಡಿಸನ್ ಅಥವಾ ಕ್ಯಾನಿಯನ್‌ನಲ್ಲಿ ಸೈಟ್ ತೆಗೆದುಕೊಳ್ಳಿ.

ಯಾವಾಗ ನೋಡಿದರೂ ಬುಕಿಂಗ್ ಫುಲ್. ಸಿಗೋದು ಹೇಗೆ?

ಫಿಶಿಂಗ್ ಬ್ರಿಜ್ ನಡೆಸುವುದು ಕ್ಸಾಂಟೆರಾ ಸಂಸ್ಥೆ. ಪ್ರತಿ ತಿಂಗಳ 5ನೇ ತಾರೀಖು ಮುಂದಿನ ವರ್ಷದ ಅದೇ ತಿಂಗಳ ಬುಕಿಂಗ್ ಪೂರ್ತಿ ತೆರೆಯುತ್ತದೆ. ಬರುವ ವರ್ಷ ಜುಲೈ 28ಕ್ಕೆ ಹೋಗಬೇಕಿದ್ದರೆ ಈ ವರ್ಷ ಜುಲೈ 5ಕ್ಕೇ ಕೂರಬೇಕು. ಬಹಳ ಜನ ತಪ್ಪುವುದು ಇಲ್ಲೇ, ರಿಕ್ರಿಯೇಷನ್ ಡಾಟ್ ಗವ್ ಎಂಬ ಸರ್ಕಾರಿ ಬುಕಿಂಗ್ ತಾಣದಲ್ಲಿ ಹುಡುಕಿ ಸಿಗಲಿಲ್ಲ ಅನ್ನುತ್ತಾರೆ. ಅಲ್ಲಿರುವುದು ಪಾರ್ಕ್ ಇಲಾಖೆ ತಾನೇ ನಡೆಸುವ ಮ್ಯಾಮತ್‌ನಂಥ ಕ್ಯಾಂಪ್‌ಗ್ರೌಂಡ್‌ಗಳು.

ತಪ್ಪಿಹೋದವರಿಗೂ ದಾರಿಯಿದೆ. ಜನ ತಿಂಗಳುಗಟ್ಟಲೆ ಮೊದಲು ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತಾರೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡುತ್ತಲೇ ಇರಿ. ನಾಲ್ಕು ರಾತ್ರಿ ಒಟ್ಟಿಗೆ ಹುಡುಕಬೇಡಿ, ಒಂದೊಂದೇ ರಾತ್ರಿ ಹುಡುಕಿ. ಬಿಡಿಬಿಡಿಯಾಗಿ ಸಿಕ್ಕರೆ ನಡುವೆ ಸೈಟ್ ಬದಲಿಸಬೇಕಾಗಬಹುದು, ಅದು ಅರ್ಧ ಗಂಟೆಯ ಕೆಲಸ. ಇಲ್ಲವಾದರೆ ದಕ್ಷಿಣಕ್ಕೆ ಗ್ರ್ಯಾಂಡ್ ಟೀಟನ್‌ನ ಕೋಲ್ಟರ್ ಬೇ, ಎರಡು ಪಾರ್ಕುಗಳ ನಡುವಿನ ಹೆಡ್‌ವಾಟರ್ಸ್, ಪಶ್ಚಿಮ ಗೇಟಿನ ಹೊರಗೆ ವೆಸ್ಟ್ ಯೆಲ್ಲೋಸ್ಟೋನ್ ಊರಿನ ಖಾಸಗಿ ಆರ್‌ವಿ ಪಾರ್ಕುಗಳು ಇವೆ.

ಬುಕಿಂಗ್‌ನಲ್ಲಿ ಗಾಡಿ ಉದ್ದ ಕೇಳ್ತಾರೆ. ಅಂದಾಜು ಹಾಕಿದರೆ ಸಾಕಾ?

ಸಾಲದು. ಬಂಪರ್‌ನಿಂದ ಬಂಪರ್‌ವರೆಗೆ, ಹಿಂದೆ ಸಿಕ್ಕಿಸಿದ ಏಣಿ, ಸೈಕಲ್ ಸ್ಟ್ಯಾಂಡ್, ಎಳೆದುಕೊಂಡು ಬರುವ ಕಾರು ಎಲ್ಲ ಸೇರಿಸಿ ಹೇಳಬೇಕು. ಬಾಡಿಗೆ ಕಂಪನಿ 25 ಅಡಿ ಅಂದಿದ್ದು ಮಾದರಿಯ ಹೆಸರಷ್ಟೇ ಆಗಿರಬಹುದು. ಅಳತೆ ಬರೆದು ಕೊಡಿ ಎಂದು ಕೇಳಿ. ಮೊದಲ ಸಲದವರಿಗೆ 25 ಅಡಿಯ ಕ್ಲಾಸ್ ಸಿ (ವ್ಯಾನ್ ಅಥವಾ ಟ್ರಕ್‌ನ ಚಾಸಿಸ್ ಮೇಲೆ ಕಟ್ಟಿದ ಮಧ್ಯಮ ಗಾತ್ರದ ಆರ್‌ವಿ) ಸಾಕಾಗುತ್ತದೆ. 30 ಅಡಿ ದಾಟಿದರೆ ಫಿಶಿಂಗ್ ಬ್ರಿಜ್ ಬಿಟ್ಟು ಬೇರೆಡೆ ಹೊಂದುವ ಸೈಟ್‌ಗಳು ಬಹಳ ಕಡಿಮೆ, ಬುಗ್ಗೆಗಳ ಪಾರ್ಕಿಂಗ್‌ನಲ್ಲೂ ಪರದಾಟ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಟಿಕೆಟ್ ಬೇರೆನಾ? ಎತ್ತರದ ಜಾಗ, ತೊಂದರೆ ಆಗುತ್ತಾ?

ಒಂದು ಗಾಡಿಗೆ 7 ದಿನಕ್ಕೆ 35 ಡಾಲರ್ ಕೊಟ್ಟರೆ ಎಲ್ಲರದೂ ಮುಗಿಯಿತು ಎಂಬುದು ಹಳೆಯ ಲೆಕ್ಕ. 2026ರ ಜನವರಿ 1ರಿಂದ ಯೆಲ್ಲೋಸ್ಟೋನ್ ಸೇರಿ 11 ಪಾರ್ಕುಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ 16 ವರ್ಷ ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಅನಿವಾಸಿಗಳ ವಾರ್ಷಿಕ ಪಾಸ್‌ಗೆ 250 ಡಾಲರ್. ಗ್ರ್ಯಾಂಡ್ ಟೀಟನ್ ಕೂಡ ಆ 11ರಲ್ಲಿದೆ. ಹಾಗಾಗಿ ನಿಮ್ಮ ಪಾಸ್ ಯಾವುದು, ಜೊತೆಗೆ ಬರುವವರು ಎಷ್ಟು ಮಂದಿ ಎಂದು ಪಾರ್ಕಿನ ಶುಲ್ಕದ ಪುಟದಲ್ಲಿ ನೋಡಿ ಲೆಕ್ಕ ಹಾಕಿ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.

ಫಿಶಿಂಗ್ ಬ್ರಿಜ್ ಇರುವುದು ಸುಮಾರು 7,800 ಅಡಿ, ಅಂದರೆ 2,370 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 400 ಮೀಟರಿಗೂ ಹೆಚ್ಚು ಮೇಲೆ. ಮೊದಲ ಎರಡು ದಿನ ತಲೆನೋವು, ನಿದ್ದೆ ಬಾರದಿರುವುದು, ನಾಲ್ಕು ಮೆಟ್ಟಿಲಿಗೇ ಏದುಸಿರು ಸಾಮಾನ್ಯ. ಬಂದ ದಿನವೇ ದೊಡ್ಡ ನಡಿಗೆ ಇಟ್ಟುಕೊಳ್ಳಬೇಡಿ, ನೀರು ಹೆಚ್ಚು ಕುಡಿಸಿ. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಹೆಸರೇ ಫಿಶಿಂಗ್ ಬ್ರಿಜ್. ಸೇತುವೆ ಮೇಲೆ ನಿಂತು ಮೀನು ಹಿಡಿಯಬಹುದಾ?

ಇಲ್ಲ. ಸೇತುವೆ ಕೆಳಗೆ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆಯಿಡುವುದರಿಂದ 1973ರಲ್ಲೇ ಅಲ್ಲಿ ಮೀನು ಹಿಡಿಯುವುದು ನಿಂತಿತು. ನಿಂತು ನೋಡಲು ಅಡ್ಡಿಯಿಲ್ಲ.

## ಸೈಟ್‌ಗೆ ಬಂದ ಮೇಲೆ

ಸೈಟ್‌ಗೆ ಹೋದ ತಕ್ಷಣ ಮೊದಲು ಏನು, ಆಮೇಲೆ ಏನು?

ಕತ್ತಲಾಗುವ ಮೊದಲು ಬಂದು ಸೇರಿ. ಹಿಮ್ಮುಖವಾಗಿ ಒಳತರುವಾಗ ಒಬ್ಬರು ಹಿಂದೆ ಇಳಿದು ನಿಲ್ಲಲಿ, ನಿಂತವರು ಚಾಲಕನಿಗೆ ಕನ್ನಡಿಯಲ್ಲಿ ಕಾಣುತ್ತಿರಬೇಕು. ಕಾಣದಿದ್ದರೆ ಗಾಡಿ ನಿಲ್ಲಿಸಬೇಕು. ಮರದ ಕೊಂಬೆ ಮತ್ತು ಕರೆಂಟಿನ ಕಂಬ, ಈ ಎರಡರ ಕಡೆ ಕಣ್ಣಿರಲಿ.

ಗಾಡಿ ನಿಂತ ಮೇಲೆ ಮೊದಲು ಮಟ್ಟ ಮಾಡಿ. ಫ್ರಿಜ್‌ನೊಳಗಿನ ತಟ್ಟೆಯ ಮೇಲೆ ಅರ್ಧ ಲೋಟ ನೀರಿಟ್ಟರೆ ವಾಲಿದ್ದು ತಿಳಿಯುತ್ತದೆ. ತಗ್ಗಾದ ಕಡೆಯ ಚಕ್ರದಡಿ ಪ್ಲಾಸ್ಟಿಕ್ ಹಲಗೆ ಹಾಕಿ ಏರಿಸಿ, ಚಕ್ರಕ್ಕೆ ಅಡೆ ಕೊಡಿ. ಇದಾದ ಮೇಲೆ ಕರೆಂಟು. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. ಬ್ರೇಕರ್ ಆನ್ ಇರುವಾಗಲೇ ಪ್ಲಗ್ ತುರುಕಿದರೆ ಕಿಡಿ ಹಾರಿ ಪಿನ್ ಸುಡುತ್ತದೆ. ಕಂಬದ ಸಾಕೆಟ್ ಮತ್ತು ನಿಮ್ಮ ಪ್ಲಗ್ ಹೊಂದದಿದ್ದರೆ ಎಂದು 30ರಿಂದ 50 ಆಂಪ್‌ಗೆ ಸೇರಿಸುವ ಅಡಾಪ್ಟರ್ ಒಂದು ಗಾಡಿಯಲ್ಲಿರಲಿ.

ನೀರಿನ ನಲ್ಲಿಗೆ ಮೊದಲು ಒತ್ತಡ ತಗ್ಗಿಸುವ ರೆಗ್ಯುಲೇಟರ್, ಅದಕ್ಕೆ ಕುಡಿಯುವ ನೀರಿನ ಬಿಳಿ ಹೋಸ್. 40ರಿಂದ 50 ಪಿಎಸ್‌ಐ (ಒತ್ತಡದ ಅಳತೆ) ಸಾಕು. ರೆಗ್ಯುಲೇಟರ್ ಇಲ್ಲದೆ ನೇರ ಜೋಡಿಸಿದರೆ ಸಿಂಕ್ ಕೆಳಗಿನ ಪ್ಲಾಸ್ಟಿಕ್ ಕೀಲು ಬಿಟ್ಟು ನೆಲವೆಲ್ಲ ನೀರು. ಒಳಚರಂಡಿ ಹೋಸ್ ಕೊನೆಗೆ ಜೋಡಿಸಿ, ಆ ಕೈಯಲ್ಲಿ ನೀರಿನ ಹೋಸ್ ಮುಟ್ಟುವ ಹಾಗಾಗಬಾರದು.

ಇಂಡಕ್ಷನ್ ಒಲೆ ಹಾಕಿದ ಕೂಡಲೇ ಕರೆಂಟು ಹೋಗುತ್ತೆ. ಗಾಡಿ ಕೆಟ್ಟಿದೆಯಾ?

ಬಹುಪಾಲು ಸಲ ಗಾಡಿ ಸರಿಯಾಗೇ ಇರುತ್ತದೆ, ಲೆಕ್ಕ ತಪ್ಪಿರುತ್ತದೆ. 30 ಆಂಪ್ ಗಾಡಿಗೆ ಸಿಗುವುದು ಒಟ್ಟು 3,600 ವ್ಯಾಟ್. ಇಂಡಕ್ಷನ್ ಒಲೆ 1,800, ರೂಮ್ ಹೀಟರ್ 1,500, ನೀರು ಕಾಯಿಸುವ ವಿದ್ಯುತ್ ಸುರುಳಿ ಸುಮಾರು 1,400. ಮೂರೂ ಸೇರಿದರೆ 4,700. ಅಡುಗೆ ಹೊತ್ತಿಗೆ ನೀರಿನ ಹೀಟರನ್ನು ಗ್ಯಾಸ್‌ಗೆ ಬದಲಿಸಿ, ರೂಮ್ ಹೀಟರ್ ಆರಿಸಿ. ಒಟ್ಟು ಲೆಕ್ಕ ಸರಿಯಿದ್ದೂ ಹೋದರೆ ಒಲೆ ಮತ್ತು ಮೈಕ್ರೋವೇವ್ ಒಂದೇ 15 ಅಥವಾ 20 ಆಂಪ್ ಲೈನಿನಲ್ಲಿವೆ ಎಂದರ್ಥ. ಗಾಡಿಯೊಳಗಿನ ಬ್ರೇಕರ್ ಪೆಟ್ಟಿಗೆ, ಬಚ್ಚಲ ಹತ್ತಿರದ ಸಾಕೆಟ್‌ನ ರೀಸೆಟ್ ಗುಂಡಿ, ಹೊರಗಿನ ಕಂಬ, ಈ ಕ್ರಮದಲ್ಲಿ ಹುಡುಕಿ.

ಟ್ಯಾಂಕ್ ಖಾಲಿ ಮಾಡೋದು ನೆನೆಸಿಕೊಂಡರೇ ಹೇಸಿಗೆ. ಸುಲಭ ದಾರಿ ಇದೆಯಾ?

ಸರಿಯಾದ ಕ್ರಮದಲ್ಲಿ ಮಾಡಿದರೆ ಹತ್ತು ನಿಮಿಷ. ಶೌಚಾಲಯದ್ದು ಕಪ್ಪು ಟ್ಯಾಂಕ್, ಸಿಂಕ್ ಮತ್ತು ಸ್ನಾನದ್ದು ಬೂದು ಟ್ಯಾಂಕ್. ಸೈಟ್‌ನಲ್ಲೇ ಚರಂಡಿ ಇದೆಯಲ್ಲ ಎಂದು ಜನ ಮಾಡುವ ದೊಡ್ಡ ತಪ್ಪು, ಕಪ್ಪು ಟ್ಯಾಂಕಿನ ವಾಲ್ವ್ ಸದಾ ತೆರೆದಿಡುವುದು. ನೀರೆಲ್ಲ ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಗೋಪುರದಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ಕರಗಿಸುವುದೇ ನಿಜವಾದ ಹೇಸಿಗೆ ಕೆಲಸ. ಕಪ್ಪು ವಾಲ್ವ್ ಮುಚ್ಚಿಯೇ ಇರಲಿ. ಮೂರರಲ್ಲಿ ಎರಡು ಪಾಲು ತುಂಬಿದಾಗ ಕೈಗವಸು ಹಾಕಿ, ಹೋಸಿನ ಎರಡೂ ತುದಿ ಬಿಗಿಯಾಗಿದೆಯೇ ನೋಡಿ, ಕಪ್ಪನ್ನು ಒಮ್ಮೆಲೇ ಬಿಡಿ. ಹರಿವು ನಿಂತ ಮೇಲೆ ಅದನ್ನು ಮುಚ್ಚಿ ಬೂದು ವಾಲ್ವ್ ತೆರೆಯಿರಿ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಇದಕ್ಕಾಗಿ ಹಿಂದಿನ ರಾತ್ರಿಯಿಂದ ಬೂದು ವಾಲ್ವ್ ಮುಚ್ಚಿ ನೀರು ಸೇರಿಸಿಟ್ಟುಕೊಳ್ಳಿ. ಕೊನೆಗೆ ಕಪ್ಪು ಟ್ಯಾಂಕಿಗೆ ಒಂದೆರಡು ಬಕೆಟ್ ನೀರು ಹಾಕಿ ಬಿಡಿ, ಒಣಗಲು ಬಿಡಬಾರದು.

ವೆಟ್ ವೈಪ್ಸ್ ಹಾಕಲೇಬೇಡಿ, ಪೊಟ್ಟಣದ ಮೇಲೆ ಹಾಕಬಹುದು ಎಂದು ಬರೆದಿದ್ದರೂ ಸಹ. ಬೂದು ಟ್ಯಾಂಕಿನ ಶತ್ರು ನಮ್ಮ ಅಡುಗೆಯ ಎಣ್ಣೆ, ಸಾಸಿವೆ, ಕರಿಬೇವು. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಸಿಂಕ್‌ಗೆ ಜಾಲರಿ ಇಟ್ಟು, ಆಮೇಲೆ ತೊಳೆಯಿರಿ.

ಜುಲೈಯಲ್ಲೂ ಪೈಪು ಹೆಪ್ಪುಗಟ್ಟುತ್ತಾ?

ಈ ಎತ್ತರದಲ್ಲಿ ಬೇಸಿಗೆಯ ರಾತ್ರಿಯೂ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಜೂನ್ ಮೊದಲ ಭಾಗ, ಸೆಪ್ಟೆಂಬರ್‌ಗಳಲ್ಲಿ ಹೆಚ್ಚು ಎಚ್ಚರ ಬೇಕು. ಮೊದಲು ಕಟ್ಟಿಕೊಳ್ಳುವುದು ಹೊರಗೆ ಬಿದ್ದಿರುವ ಹೋಸ್. ಮಲಗುವ ಮುನ್ನ ಅದನ್ನು ಬಿಚ್ಚಿ ನೀರು ಬಸಿದು ಸುತ್ತಿಡಿ, ರಾತ್ರಿಗೆ ಗಾಡಿಯ ಟ್ಯಾಂಕಿನ ನೀರು ಬಳಸಿ. ಗಾಡಿಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸನ್ನು 13–15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರಿ. ಸಿಂಕ್ ಕೆಳಗಿನ ಬಾಗಿಲು ತೆರೆದಿಟ್ಟರೆ ಬಿಸಿಗಾಳಿ ಪೈಪಿಗೂ ತಗಲುತ್ತದೆ. ಚಳಿಗೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಮಾತ್ರ ಪ್ರಾಣಕ್ಕೇ ಅಪಾಯ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ಗೋಡೆಯ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ಗುಂಡಿ ಒತ್ತಿ ನೋಡಿ.

## ಅಡುಗೆ, ಕರಡಿ, ಅಕ್ಕಪಕ್ಕ

ಅನ್ನ ಒಳಗೆ ಗಟ್ಟಿ, ಬೇಳೆ ಬೇಯೋದೇ ಇಲ್ಲ. ಮನೆಯಲ್ಲಿ ಮಾಡಿದ ಹಾಗೇ ಮಾಡಿದ್ದೀವಿ!

ಮನೆಯ ಹಾಗೆ ಮಾಡಿದ್ದೇ ಕಾರಣ. ಇಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಆವಿಯಾಗಿ ಬೇಗ ಖಾಲಿಯಾಗುತ್ತದೆ ಅಷ್ಟೆ. ಕುಕ್ಕರ್ ಇಲ್ಲದೆ ತೊಗರಿಬೇಳೆಯ ಆಸೆ ಬಿಡಬೇಕು. ಕುಕ್ಕರ್‌ನಲ್ಲೂ ತೂಕದ ಒತ್ತಡ ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವುದರಿಂದ, ಹೊರಗೆ ಕಡಿಮೆಯಾದಷ್ಟು ಒಳಗೂ ಕಡಿಮೆ. ಸಮಯ ಸುಮಾರು ಮೂರನೇ ಒಂದು ಪಾಲು ಹೆಚ್ಚು ಬೇಕು. ಬೇಳೆಯನ್ನು ಒಂದು ಗಂಟೆ ನೆನೆಸಿ, ಮನೆಯಲ್ಲಿ ಮೂರು ಕೂಗು ಸಾಕಾಗುತ್ತಿದ್ದರೆ ಇಲ್ಲಿ ಐದು ಕೂಗಿಸಿ, ಉಗಿ ತಾನಾಗಿ ಇಳಿಯುವವರೆಗೆ ಬಿಡಿ. ಅನ್ನವನ್ನೂ ಕುಕ್ಕರ್‌ನಲ್ಲೇ ಇಡಿ. ಇಡ್ಲಿಗೆ ಹತ್ತು ನಿಮಿಷದ ಬದಲು ಹದಿನೈದು. ಹಿಟ್ಟನ್ನು ಹುದುಗಿಸಿಕೊಂಡೇ ತನ್ನಿ, ಇಲ್ಲಿನ ರಾತ್ರಿಯ ಚಳಿಗೆ ಅದು ಉಬ್ಬುವುದಿಲ್ಲ.

ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗದು. ಅಯಸ್ಕಾಂತ ಅಂಟುವ ತಳದ ಕುಕ್ಕರ್ ಬೇಕು. ಫಿಲ್ಟರ್ ಕಾಫಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ಡಿಕಾಕ್ಷನ್‌ಗೆ 92 ಡಿಗ್ರಿ ಹೇಳಿ ಮಾಡಿಸಿದ ಬಿಸಿ. ಒಣಮೆಣಸಿನ ಒಗ್ಗರಣೆಗೆ ಮೊದಲು ಚಾವಣಿಯ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ. ಹೊಗೆಯ ಅಲಾರಂ ಕಿರುಚಿತೆಂದು ಅದರ ಬ್ಯಾಟರಿ ಕೀಳಬೇಡಿ.

ಸಾಂಬಾರ್ ವಾಸನೆಗೆ ಕರಡಿ ಬರುತ್ತಾ?

ಗಾಡಿಯೊಳಗೆ ಅಡುಗೆ ಮಾಡಿ ಬಾಗಿಲು ಹಾಕಿಕೊಂಡರೆ ಹೆದರಬೇಕಿಲ್ಲ. ಅಪಾಯ ಇರುವುದು ಹೊರಗೆ ಬಿಟ್ಟ ವಸ್ತುಗಳಲ್ಲಿ. ತೊಳೆಯದ ಕುಕ್ಕರ್, ಐಸ್ ಪೆಟ್ಟಿಗೆ, ಕಸದ ಚೀಲ, ನಾಯಿಯ ಊಟ, ಖಾಲಿ ಪಾತ್ರೆ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಇವೆಲ್ಲ ಬಳಸದ ಹೊತ್ತಿನಲ್ಲಿ ಹಗಲಲ್ಲೂ ಗಾಡಿಯೊಳಗಿರಬೇಕು. ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲುವುದು ನಮ್ಮ ಅಭ್ಯಾಸ, ಇಲ್ಲಿ ಅದು ಸಿಂಕ್‌ಗೇ ಹೋಗಬೇಕು. ಕಸವನ್ನು ಕರಡಿ ತೆರೆಯಲಾಗದ ಕಬ್ಬಿಣದ ತೊಟ್ಟಿಗೆ ಹಾಕಿ, ಅಗುಳಿ ಬಿದ್ದದ್ದು ಕೇಳಿಸಲಿ.

ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ, ಜನರಿಗೆ ಹೆದರುವುದನ್ನು ಬಿಡುತ್ತದೆ. ಅಂಥ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಮೇಜಿನ ಮೇಲೆ ಮರೆತ ಒಂದು ಡಬ್ಬಿ ಚಕ್ಕುಲಿಗೆ ಆ ಪ್ರಾಣಿ ತೆರುವ ಬೆಲೆ ಅದು. ದಯವಿಟ್ಟು ಮಕ್ಕಳಿಗೂ ಹೇಳಿ.

ಕರಡಿ ಸ್ಪ್ರೇ ನಿಜವಾಗಲೂ ಬೇಕಾ?

ಕ್ಯಾಂಪ್ ಬಿಟ್ಟು ಕಾಲುದಾರಿಗೆ ಇಳಿಯುವುದಾದರೆ ಬೇಕು. ವಿಮಾನದಲ್ಲಿ ಯಾವ ಚೀಲದಲ್ಲೂ ಒಯ್ಯುವಂತಿಲ್ಲ, ಇಲ್ಲಿನ ಅಂಗಡಿಗಳಲ್ಲೇ ಕೊಳ್ಳಿ. ಬ್ಯಾಗಿನೊಳಗೆ ಇಟ್ಟರೆ ಪ್ರಯೋಜನವಿಲ್ಲ, ಸೊಂಟದಲ್ಲಿರಬೇಕು. ಮೈಗೆ ಹಚ್ಚಿಕೊಳ್ಳುವ ಸೊಳ್ಳೆ ಔಷಧಿಯಲ್ಲ ಇದು. ನುಗ್ಗಿ ಬರುವ ಕರಡಿ ಸುಮಾರು 30ರಿಂದ 60 ಅಡಿ ದೂರದಲ್ಲಿರುವಾಗ ಅದರ ಮುಂದೆ, ಸ್ವಲ್ಪ ಕೆಳಮುಖವಾಗಿ ಮೋಡದಂತೆ ಹಾರಿಸುವುದು. ಕರಡಿ, ತೋಳಗಳಿಂದ ಕನಿಷ್ಠ 100 ಗಜ, ಕಾಡೆಮ್ಮೆಯಂತೆ ಕಾಣುವ ಬೈಸನ್ ಮತ್ತು ಎಲ್ಕ್‌ಗಳಿಂದ 25 ಗಜ ದೂರ ಇರುವುದು ನಿಯಮ. ಕ್ಯಾಂಪಿನೊಳಗೇ ಬೈಸನ್ ಬಂದು ನಿಂತರೆ ಅದು ಹೋಗುವವರೆಗೆ ಗಾಡಿಯಲ್ಲೇ ಕಾಯಿರಿ.

ಮೂರು ಕುಟುಂಬ ಸೇರಿ ಹೋಗ್ತಿದ್ದೀವಿ. ರಾತ್ರಿ ಅಂತ್ಯಾಕ್ಷರಿ ಆಡಬಹುದಾ?

ಗಾಡಿಯೊಳಗೆ, ಮೆಲುದನಿಯಲ್ಲಿ. ಒಂದು ಸೈಟ್‌ಗೆ ಆರು ಜನರ ಮಿತಿಯಿದೆ. ಗೋಡೆಗಳು ತೆಳು, ಪಕ್ಕದ ಗಾಡಿಯವರ ತಲೆದಿಂಬು ನಿಮ್ಮ ಕುರ್ಚಿಯಿಂದ ನಾಲ್ಕು ಮಾರು ದೂರದಲ್ಲಿರುತ್ತದೆ. ಜನರೇಟರ್ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ, ಅದೂ 60 ಡೆಸಿಬಲ್ ಮೀರದಂತೆ. ಕಂಬದಲ್ಲೇ ಕರೆಂಟು ಇರುವಾಗ ಅದರ ಅಗತ್ಯವೂ ಇಲ್ಲ. ಇನ್ನೊಬ್ಬರ ಸೈಟಿನ ನಡುವೆ ಹಾದು ಶೌಚಾಲಯಕ್ಕೆ ಹೋಗಬೇಡಿ. ಅದು ಇಲ್ಲಿ ಅವರ ಅಂಗಳ ತುಳಿದಂತೆ.

## ರಸ್ತೆ ಮತ್ತು ಗಾಡಿಯ ಒಳಗುಟ್ಟು

ಕ್ಯಾಂಪ್‌ನಿಂದ ಎಲ್ಲಾ ಕಡೆ ಆರ್‌ವಿಯಲ್ಲೇ ಸುತ್ತಬಹುದಾ?

ಮುಖ್ಯ ರಸ್ತೆಯಲ್ಲಿ ಸುತ್ತಬಹುದು. ಫೈರ್‌ಹೋಲ್ ಕ್ಯಾನಿಯನ್ ಡ್ರೈವ್, ಫೈರ್‌ಹೋಲ್ ಲೇಕ್ ಡ್ರೈವ್, ಮ್ಯಾಮತ್‌ನ ಅಪ್ಪರ್ ಟೆರೇಸ್ ಡ್ರೈವ್, ಬ್ಲ್ಯಾಕ್‌ಟೇಲ್ ಪ್ಲಾಟೋ ಡ್ರೈವ್‌ಗಳಿಗೆ ಆರ್‌ವಿ ಬಿಡುವುದಿಲ್ಲ. ಡನ್‌ರೇವನ್ ಕಣಿವೆಮಾರ್ಗದಲ್ಲಿ ಬಿಡುತ್ತಾರೆ, ಏರು ತಿರುವು ಹೆಚ್ಚು. ಎರಡು ಕುಟುಂಬಗಳಿದ್ದರೆ ಒಂದು ಕಾರು ಜೊತೆಗಿರುವುದು ಬಹಳ ಉಪಕಾರ.

ಫಿಶಿಂಗ್ ಬ್ರಿಜ್‌ನಿಂದ ಕ್ಯಾನಿಯನ್‌ಗೆ 16 ಮೈಲಿ, ವೆಸ್ಟ್ ಥಂಬ್‌ಗೆ 21, ಅಲ್ಲಿಂದ ಓಲ್ಡ್ ಫೇತ್‌ಫುಲ್ ಬುಗ್ಗೆಗೆ ಮತ್ತೆ 17. ವೇಗದ ಮಿತಿ ಗಂಟೆಗೆ 45 ಮೈಲಿ, ಬೈಸನ್ ಹಿಂಡು ರಸ್ತೆಗೆ ಬಂದರೆ ಸೊನ್ನೆ. ಬೆಳಿಗ್ಗೆ ಏಳಕ್ಕೆ ಮೊದಲೇ ಹೊರಟುಬಿಡಿ. ಹೇಡನ್ ಕಣಿವೆಯಲ್ಲಿ ಪ್ರಾಣಿಗಳು ಕಾಣುವುದೂ ಆಗಲೇ. ಮಿಡ್‌ವೇ ಗೀಸರ್ ಬೇಸಿನ್ ಮತ್ತು ನಾರಿಸ್ ಪಾರ್ಕಿಂಗ್ ಹತ್ತು ಗಂಟೆಗೆಲ್ಲ ತುಂಬಿ, ಉದ್ದ ಗಾಡಿ ತಿರುಗಿಸಲೂ ಜಾಗವಿರದು. ಅವನ್ನು ಮುಂಜಾನೆ ಅಥವಾ ಸಂಜೆಗೆ ಇಟ್ಟುಕೊಳ್ಳಿ. ಓಲ್ಡ್ ಫೇತ್‌ಫುಲ್‌ನ ಪಾರ್ಕಿಂಗ್ ದೊಡ್ಡದು, ಮಧ್ಯಾಹ್ನಕ್ಕೆ ಅದೇ ಸರಿ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕದ ತಂಗುಜಾಗಕ್ಕೆ ಸರಿದು ದಾರಿ ಬಿಡಿ.

ಇಳಿಜಾರಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬಂತು. ಏನು ತಪ್ಪು?

ಬ್ರೇಕ್ ಮೇಲೆ ಕಾಲಿಟ್ಟೇ ಇಳಿದದ್ದು. ಗೇರನ್ನು ಕೆಳಗೇ ಹಿಡಿದಿಡುವ ಟೋ-ಹಾಲ್ ಗುಂಡಿ ಒತ್ತಿ, ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಬನ್ನಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಒತ್ತಿ ಬಿಡುವ ನಡುವೆ ಬ್ರೇಕ್ ತಣಿಯುತ್ತದೆ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಬಿಡಿ, ನೀರು ಸುರಿಯಬೇಡಿ.

ಪೂರ್ವ ಗೇಟಿನ ಕಡೆ ಸಿಲ್ವನ್ ಪಾಸ್‌ನಲ್ಲಿ ಇದು ಬೇಕಾಗುತ್ತದೆ. ಅದಕ್ಕಿಂತ ಕಠಿಣ, ಐಡಹೋ ಕಡೆಯಿಂದ ಜಾಕ್ಸನ್‌ಗೆ ಬರುವ ಟೀಟನ್ ಪಾಸ್. ಅಲ್ಲಿ ಇಳಿಜಾರು ಶೇ. 10. ಫೋನಿನ ನಕ್ಷೆ ಹತ್ತಿರವೆಂದು ಅದನ್ನೇ ತೋರಿಸುತ್ತದೆ. ಆರ್‌ವಿಯಲ್ಲಿ ಸ್ವಾನ್ ವ್ಯಾಲಿ, ಆಲ್ಪೈನ್, ಹೋಬ್ಯಾಕ್ ಮೂಲಕ ಬನ್ನಿ. ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮ ಗೇಟಿಗೆ ಬರುವವರು ಐಡಹೋ ಫಾಲ್ಸ್‌ನಿಂದ 20ನೇ ಹೆದ್ದಾರಿ ಹಿಡಿದರೆ ಟೀಟನ್ ಪಾಸ್ ಸಿಗುವುದೇ ಇಲ್ಲ.

ಫ್ರಿಜ್ ಗ್ಯಾಸ್‌ನಲ್ಲಿ ಆರಿಹೋಗ್ತಿದೆ, ಜನರೇಟರ್ ಕೂಡ ಎಳೆಯುತ್ತಿಲ್ಲ. ರಿಪೇರಿಯವರನ್ನು ಕರೆಯಬೇಕಾ?

ಮೊದಲು ಎತ್ತರವನ್ನು ನೆನೆಯಿರಿ. ಗ್ಯಾಸ್ ಮತ್ತು ಕರೆಂಟು ಎರಡರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗಳು 5,500 ಅಡಿ ದಾಟಿದ ಮೇಲೆ ಗ್ಯಾಸ್‌ನಲ್ಲಿ ತಡವರಿಸುತ್ತವೆ. ಆಮ್ಲಜನಕ ಸಾಲದೆ ಜ್ವಾಲೆ ಹಳದಿಯಾಗಿ ಆರುತ್ತದೆ. ಸೈಟ್‌ನಲ್ಲಿ ಇರುವಷ್ಟು ಹೊತ್ತು ಫ್ರಿಜ್ಜನ್ನು ಕರೆಂಟಿಗೆ ಹಾಕಿ. ಗಾಡಿ ವಾಲಿದ್ದರೂ ಈ ಫ್ರಿಜ್ ತಂಪಾಗದು, ಅದರೊಳಗಿನ ದ್ರವ ಇಳಿಜಾರಿನಲ್ಲೇ ಹರಿಯಬೇಕು. ಮೊಸರು, ಹಾಲು ಹಾಳಾಗುವ ಮೊದಲು ಒಳಗೊಂದು ಥರ್ಮಾಮೀಟರ್ ಇಟ್ಟು 4 ಡಿಗ್ರಿಗಿಂತ ಕೆಳಗಿದೆಯೇ ನೋಡುತ್ತಿರಿ.

ಜನರೇಟರ್‌ನ ಶಕ್ತಿ ಪ್ರತಿ 1,000 ಅಡಿಗೆ ಸುಮಾರು ಶೇ. 3.5 ಇಳಿಯುತ್ತದೆ. 4,000 ವ್ಯಾಟ್‌ನದು ಇಲ್ಲಿ ಸರಿಸುಮಾರು 3,000 ಕೊಡುತ್ತದೆ. ಕೆಲವು ಜನರೇಟರ್‌ಗಳಲ್ಲಿ ಎತ್ತರಕ್ಕೆ ಹೊಂದಿಸುವ ತಿರುಪು ಇರುತ್ತದೆ, ಬಾಡಿಗೆ ಗಾಡಿಯಾದರೆ ಕಂಪನಿಯವರನ್ನು ಕೇಳಿಯೇ ಮುಟ್ಟಿ. ತಿರುಗಿಸಿದ್ದರೆ ಕೆಳಗಿಳಿದ ಮೇಲೆ ಮರೆಯದೆ ಮೊದಲಿನ ಗುರುತಿಗೆ ತನ್ನಿ. ಹಾಗೇ ಬಿಟ್ಟರೆ ಬಯಲಿನ ಬಿಸಿಯಲ್ಲಿ ಎಂಜಿನ್ ಅತಿಯಾಗಿ ಕಾಯುತ್ತದೆ.